ಪತ್ರಿಕೆ, ವಿದ್ಯಾಪೀಠ ಮತ್ತು ಪರದೇಶದ ಸರಕಾರ: ನಮ್ಮ ಹೊಳೆದಂಡೆಯ ಕೆಲವು ನಿದರ್ಶನಗಳು



ಹೊರದೇಶಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಚಿನ ವರ್ಷಗಳಲ್ಲಿ ನನ್ನನ್ನು ಒಂದು ಪ್ರಶ್ನೆ ಕೇಳುತ್ತಿದ್ದಾರೆ. ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಗಳಲ್ಲಿ ಪರದೇಶದ ಸರಕಾರಗಳು ವಿಶ್ವವಿದ್ಯಾನಿಲಯಗಳಿಗೆ ಹಣ ಕೊಟ್ಟು ತಮಗೆ ಬೇಕಾದುದನ್ನು ಹೇಳಿಸುತ್ತಿವೆ, ಪತ್ರಿಕೆ ಮತ್ತು ದೂರದರ್ಶನ ವಾಹಿನಿಗಳ ಹಿಂದೆ ನಿಂತು ಜನಾಭಿಪ್ರಾಯವನ್ನು ತಿರುಗಿಸುತ್ತಿವೆ ಎಂದು ದೊಡ್ಡ ಚರ್ಚೆಯಾಗುತ್ತಿದೆಯಂತೆ. "ಸರ್, ನಮ್ಮ ಕಡೆ ಇಂಥದ್ದು ಯಾವಾಗಲಾದರೂ ನಡೆದಿತ್ತೇ?" ಎಂಬುದು ಅವರ ಪ್ರಶ್ನೆ. ನಡೆದಿತ್ತು ಎಂಬುದೇ ನನ್ನ ಉತ್ತರ. ನಡೆದದ್ದು ಮಾತ್ರವಲ್ಲ, ಕನ್ನಡ ಪತ್ರಿಕೆಯ ಮತ್ತು ನಮ್ಮ ಪ್ರಾಂತದ ವಿದ್ಯಾಭ್ಯಾಸದ ಚರಿತ್ರೆ ಪ್ರಾರಂಭವಾಗುವುದೇ ಅಲ್ಲಿಂದ. ಆದ್ದರಿಂದ ಈ ವಿಷಯವನ್ನು ನಮ್ಮ ಊರಿನ ಹೊಳೆದಂಡೆಯಿಂದಲೇ ನೋಡೋಣ.

ಇಂದಿನ ಮಕ್ಕಳಿಗೆ ಬುಕ್ಕಸಾಗರದ ಎದುರಿನ ದಂಡೆಯೆಂದರೆ ಗಂಗಾವತಿ ತಾಲ್ಲೂಕು, ಅಷ್ಟೆ. ನಮ್ಮ ತಂದೆ ಅಜ್ಜಂದಿರಿಗೆ ಅದು ಬೇರೊಂದು ರಾಜ್ಯವಾಗಿತ್ತು. 1800ರಲ್ಲಿ ಹೈದರಾಬಾದಿನ ನಿಜಾಮರು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ಅದರಿಂದಲೇ ನಮ್ಮ ಕಡೆಗೆ ದತ್ತಮಂಡಲವೆಂಬ ಹೆಸರು ಬಂದಿತು. ಅಂದಿನಿಂದ ತುಂಗಭದ್ರೆಯ ಈ ದಂಡೆ ಬ್ರಿಟಿಷರ ಮದ್ರಾಸ್ ಆಧಿಪತ್ಯಕ್ಕೆ ಸೇರಿತು. ಆನೆಗೊಂದಿಯ ದಂಡೆ ನಿಜಾಮರ ಸಂಸ್ಥಾನದಲ್ಲಿಯೇ ಉಳಿಯಿತು. ದಕ್ಷಿಣದ ಗುಡ್ಡಗಳ ನಡುವೆ ಸಂಡೂರಿನಲ್ಲಿ ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನವಿತ್ತು. ಹರಿಗೋಲಿನಲ್ಲಿ ಕುಳಿತು ಹೊಳೆ ದಾಟಿದರೆ ನಾಣ್ಯ ಬೇರೆ, ಸುಂಕದ ಕಟ್ಟೆ ಬೇರೆ, ಕಚೇರಿಯ ಭಾಷೆ ಬೇರೆ. ಈ ಕಡೆಯದು ಕಲ್ದಾರ್ ರೂಪಾಯಿ, ಆ ಕಡೆಯದು ಹಾಲಿ ಸಿಕ್ಕಾ ಎಂದು ಹಿರಿಯರು ಹೇಳುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕೇಳಿದ್ದೇನೆ. ನಾಣ್ಯದಂತೆಯೇ ಪತ್ರಿಕೆಯ ಸ್ವಾತಂತ್ರ್ಯದ ಬೆಲೆಯೂ ಎರಡು ದಂಡೆಗಳಲ್ಲಿ ಬೇರೆ ಬೇರೆಯಾಗಿತ್ತು.

ಮೊದಲು ಪತ್ರಿಕೆಯ ವಿಚಾರ. ಕನ್ನಡದ ಮೊದಲ ಪತ್ರಿಕೆ "ಮಂಗಳೂರ ಸಮಾಚಾರ" 1843ರ ಜುಲೈ 1ರಂದು ಹೊರಟಿತೆಂಬುದನ್ನು ನೀವೆಲ್ಲ ಬಲ್ಲಿರಿ. ಆ ದಿನವನ್ನೇ ನಾವು ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಸಂಪಾದಕರು ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್. ಆದರೆ ಆ ಪತ್ರಿಕೆ ಒಂದು ವರ್ಷ ತುಂಬುವ ಮೊದಲೇ, 1844ರಲ್ಲಿ, ನಮ್ಮ ಬಳ್ಳಾರಿಗೆ ಬಂದು "ಕನ್ನಡ ಸಮಾಚಾರ" ಎಂಬ ಹೆಸರು ತಳೆಯಿತೆಂಬುದು ಬಳ್ಳಾರಿಯವರಿಗೇ ಮರೆತುಹೋಗಿದೆ. ಕಾರಣ ಸರಳವಾದುದು. ಮಂಗಳೂರಿನಲ್ಲಿ ಆಗ ಇದ್ದುದು ಕಲ್ಲಚ್ಚು. ಬಳ್ಳಾರಿಯಲ್ಲಿ ಕನ್ನಡದ ಅಚ್ಚುಮೊಳೆಗಳುಳ್ಳ ಮುದ್ರಣಾಲಯವಿತ್ತು. ಅದು ಲಂಡನ್ ಮಿಷನರಿ ಸಂಘದವರದು. ಆ ಸಂಘದ ಜಾನ್ ಹ್ಯಾಂಡ್ಸ್ 1810ರಲ್ಲಿಯೇ ಬಳ್ಳಾರಿಗೆ ಬಂದು ನೆಲೆಸಿ ಬೈಬಲ್ಲನ್ನು ಕನ್ನಡಕ್ಕೆ ತಂದವರು. ಅವರ ಸಹೋದ್ಯೋಗಿ ವಿಲಿಯಂ ರೀವ್ ಕನ್ನಡ-ಇಂಗ್ಲಿಷ್ ನಿಘಂಟನ್ನು ರಚಿಸಿದರು. ಅದು 1832ರಲ್ಲಿ ಪ್ರಕಟವಾಯಿತು.

ಇಲ್ಲಿ ನಾವು ಗಮನಿಸಬೇಕಾದ ಅಂಶಗಳು ಎರಡು. ಕನ್ನಡಕ್ಕೆ ಪತ್ರಿಕೆ, ಅಚ್ಚುಮೊಳೆ, ಆಧುನಿಕ ನಿಘಂಟು ಮೂರೂ ಬಂದದ್ದು ಹೊರನಾಡಿನವರ ಹಣದಿಂದ ಮತ್ತು ಶ್ರಮದಿಂದ. ಇದನ್ನು ಕೃತಜ್ಞತೆಯಿಂದ ಒಪ್ಪಬೇಕು. ಹಾಗೆಯೇ ಅವರಿಗೆ ಒಂದು ಉದ್ದೇಶವಿತ್ತೆಂಬುದನ್ನೂ, ಆ ಉದ್ದೇಶ ಧರ್ಮಪ್ರಚಾರವೆಂಬುದನ್ನೂ ಅವರು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ಪತ್ರಿಕೆಯನ್ನು ಕೈಗೆತ್ತಿಕೊಂಡವನಿಗೆ ಅದನ್ನು ಹೊರಡಿಸುವವರು ಪಾದ್ರಿಗಳೆಂದು ತಿಳಿದಿತ್ತು. ಊರ ವರ್ತಮಾನ, ಸರಕಾರದ ಆಜ್ಞೆ, ದೂರದೇಶದ ಸುದ್ದಿ ಇವುಗಳನ್ನು ಅವನು ಓದಿ, ಉಳಿದುದನ್ನು ತನ್ನ ವಿವೇಕಕ್ಕೆ ತಕ್ಕಂತೆ ಸ್ವೀಕರಿಸುತ್ತಿದ್ದನು ಅಥವಾ ಬಿಡುತ್ತಿದ್ದನು. ಕೊಡುವ ಕೈ ಕಣ್ಣಿಗೆ ಕಾಣುತ್ತಿದ್ದರೆ ಓದುಗನಿಗೆ ಅಷ್ಟರ ಮಟ್ಟಿಗೆ ಸ್ವಾತಂತ್ರ್ಯ ಉಳಿದಿರುತ್ತದೆ.

ಒಂದು ವಿಚಿತ್ರವನ್ನೂ ಇಲ್ಲಿ ಹೇಳಬೇಕು. ಇದೇ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳು 1914ರಲ್ಲಿ ಮೊದಲನೆಯ ಮಹಾಯುದ್ಧ ಪ್ರಾರಂಭವಾದಾಗ ಬ್ರಿಟಿಷ್ ಸರಕಾರಕ್ಕೆ ಶತ್ರುದೇಶದ ಪ್ರಜೆಗಳಾಗಿ ಕಂಡರು. ಅವರನ್ನು ಬಂಧನದಲ್ಲಿರಿಸಿ ಬಳಿಕ ದೇಶದಿಂದ ಕಳುಹಿಸಲಾಯಿತು. ಅವರ ಹಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳು ಬೇರೆಯವರ ವಶವಾದವು. ಏಳು ಸಾವಿರ ಕಿಲೋಮೀಟರು ದೂರದಿಂದ ಬಂದು ಆಳುತ್ತಿದ್ದ ಒಂದು ಸರಕಾರವು ಇನ್ನೊಂದು ದೇಶದವರನ್ನು ಪರಕೀಯರೆಂದು ಹೊರಹಾಕಿತು! 'ಪರದೇಶದ ಪ್ರಭಾವ' ಎಂಬ ಮಾತನ್ನು ಯಾರು, ಯಾವಾಗ, ಯಾರ ವಿರುದ್ಧ ಆಡುತ್ತಿದ್ದಾರೆಂಬುದನ್ನು ನೋಡಿಯೇ ಅದರ ತೂಕವನ್ನು ನಿರ್ಧರಿಸಬೇಕೆಂಬ ಪಾಠ ನಮಗೆ ಇಲ್ಲಿ ದೊರೆಯುತ್ತದೆ.

ಮಿಷನ್ನಿನ ಕೈ ಕಾಣುವಂಥದ್ದಾದರೆ ಸರಕಾರದ ಕೈ ಅಷ್ಟಾಗಿ ಕಾಣುವಂಥದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಬ್ರಿಟಿಷ್ ಸರಕಾರವು ಆಯಾ ಪ್ರಾಂತದ ದೇಶಭಾಷಾ ಪತ್ರಿಕೆಗಳನ್ನು ತರಿಸಿ, ಭಾಷಾಂತರಕಾರರಿಂದ ಓದಿಸಿ, ಸಾರಾಂಶವನ್ನು ಇಂಗ್ಲಿಷಿನಲ್ಲಿ ಬರೆಸಿ ಗುಪ್ತ ವರದಿಗಳಾಗಿ ಇಟ್ಟುಕೊಳ್ಳುತ್ತಿತ್ತು. ಮದ್ರಾಸಿನ ವರದಿಗಳಲ್ಲಿ ಕನ್ನಡ ಪತ್ರಿಕೆಗಳ ಸಾರಾಂಶವೂ ಇರುತ್ತಿತ್ತು. ಎಷ್ಟೋ ಪತ್ರಿಕೆಗಳ ಮೂಲ ಸಂಚಿಕೆಗಳು ಇಂದು ನಾಶವಾಗಿ, ಅವುಗಳನ್ನು ಕಾವಲು ಕಾಯುತ್ತಿದ್ದವರ ಸಾರಾಂಶ ಮಾತ್ರ ಸಂಶೋಧಕರಿಗೆ ಉಳಿದಿರುವುದು ವಿಧಿಯ ವಿನೋದವೇ ಸರಿ.

1908ರಲ್ಲಿ ಬ್ರಿಟಿಷ್ ಹಿಂದೂಸ್ಥಾನದಲ್ಲಿ ಪತ್ರಿಕೆಗಳನ್ನು ಹತ್ತಿಕ್ಕುವ ಒಂದು ಕಾನೂನು ಬಂದಿತು. ಅದೇ ವರ್ಷ ಮೈಸೂರು ಸಂಸ್ಥಾನದಲ್ಲಿಯೂ ದಿವಾನ್ ವಿ. ಪಿ. ಮಾಧವರಾಯರ ಆಡಳಿತವು ಪತ್ರಿಕಾ ಶಾಸನವನ್ನು ಜಾರಿಗೆ ತಂದಿತು. ತಾತಯ್ಯನೆಂದೇ ಪ್ರಸಿದ್ಧರಾದ ಎಂ. ವೆಂಕಟಕೃಷ್ಣಯ್ಯನವರು ಅದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. ತಾತಯ್ಯನವರೂ ಮೂಲತಃ ಉಪಾಧ್ಯಾಯರು ಎಂಬುದನ್ನು ನನ್ನಂಥವನು ಹೇಳದೆ ಇರಲಾರೆ. 1910ರ ಪತ್ರಿಕಾ ಕಾಯಿದೆಯಂತೂ ಹೊಸದಾಗಿ ಮುದ್ರಣಾಲಯ ತೆರೆಯುವವನಿಂದ 500ರಿಂದ 2000 ರೂಪಾಯಿಗಳವರೆಗೆ ಠೇವಣಿ ಕೇಳಲು ಅಧಿಕಾರಿಗಳಿಗೆ ಅವಕಾಶ ಕೊಟ್ಟಿತು. ಆ ಕಾಲದ ಶಾಲಾ ಮಾಸ್ತರನಿಗೆ ಅದು ಎಷ್ಟೋ ವರ್ಷಗಳ ಸಂಬಳ. ಸರಕಾರ ಒಂದು ಸಾಲನ್ನೂ ತಾನಾಗಿ ಬರೆಸಬೇಕಾಗಿರಲಿಲ್ಲ. ಠೇವಣಿ ಮುಟ್ಟುಗೋಲಾದೀತೆಂಬ ಭಯದಿಂದ ಸಂಪಾದಕನೇ ತನ್ನ ಲೇಖನಿಯನ್ನು ಹಿಡಿದುಕೊಳ್ಳುತ್ತಿದ್ದನು. ಪ್ರಭಾವವೆಂಬುದು ಅಚ್ಚಾದ ಮಾತಿನಲ್ಲಿರುವುದಕ್ಕಿಂತ ಹೆಚ್ಚಾಗಿ ಅಚ್ಚಾಗದೆ ಹೋದ ಮಾತಿನಲ್ಲಿರುತ್ತದೆ. ಈ ಪ್ರಬಂಧದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಮುಂದಿನ ನಿದರ್ಶನಗಳನ್ನೂ ಇದರ ಬೆಳಕಿನಲ್ಲಿಯೇ ನೋಡಿರಿ.

ಇನ್ನು ವಿದ್ಯಾಪೀಠಗಳು. ಮದ್ರಾಸ್ ವಿಶ್ವವಿದ್ಯಾನಿಲಯವು 1857ರಲ್ಲಿ ಸ್ಥಾಪನೆಯಾಯಿತು. ಮೂರು ವರ್ಷ ಮೊದಲು, 1854ರಲ್ಲಿ, ವುಡ್ ಅವರ ಶಿಕ್ಷಣ ನಿರೂಪವು ಸಹಾಯಧನದ ಪದ್ಧತಿಯನ್ನು ತಂದಿತ್ತು. ಬಳ್ಳಾರಿ, ಹೊಸಪೇಟೆಗಳ ಶಾಲೆಗಳಲ್ಲಿ ಏನನ್ನು ಕಲಿಸಬೇಕೆಂಬುದು ಅಂದಿನಿಂದ ಮದ್ರಾಸಿನ ಪರೀಕ್ಷೆಯನ್ನೂ ಇನ್‌ಸ್ಪೆಕ್ಟರರ ಭೇಟಿಯನ್ನೂ ಅವಲಂಬಿಸಿತು. ಸಹಾಯಧನ ಬೇಕಾದರೆ ತಪಾಸಣೆಗೆ ಒಪ್ಪಲೇಬೇಕು. 1904ರಲ್ಲಿ ಲಾರ್ಡ್ ಕರ್ಜನ್ ತಂದ ವಿಶ್ವವಿದ್ಯಾನಿಲಯಗಳ ಕಾಯಿದೆಯ ಪ್ರಕಾರ ಸೆನೆಟ್ ಸಭೆಯ ಸದಸ್ಯರಲ್ಲಿ ಬಹುಪಾಲು ಜನ ಸರಕಾರದಿಂದಲೇ ನೇಮಕವಾಗತೊಡಗಿದರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಕನ್ನಡಿಗರು ಅಷ್ಟೊಂದು ಸಂತೋಷಪಟ್ಟದ್ದೇಕೆಂಬುದು ಇದರಿಂದ ಅರ್ಥವಾಗುತ್ತದೆ. ದೇಶೀಯ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯವದು.

ಆಳುವವರ ದೃಷ್ಟಿ ಪಾಠಪುಸ್ತಕದೊಳಗೆ ಹೇಗೆ ಇಳಿಯುತ್ತದೆಂಬುದಕ್ಕೆ ಹಂಪಿಗಿಂತ ಹತ್ತಿರದ ಉದಾಹರಣೆ ಬೇಡ. ಬಳ್ಳಾರಿ ಜಿಲ್ಲೆಯಲ್ಲಿ ಅಧಿಕಾರಿಯಾಗಿದ್ದ ರಾಬರ್ಟ್ ಸೆವೆಲ್ 1900ರಲ್ಲಿ ವಿಜಯನಗರದ ಚರಿತ್ರೆಯನ್ನು "ಮರೆತುಹೋದ ಸಾಮ್ರಾಜ್ಯ" ಎಂಬ ಅರ್ಥದ ಹೆಸರಿನಲ್ಲಿ ಪ್ರಕಟಿಸಿದರು. ಪೋರ್ತುಗೀಸರಾದ ಪಾಯೆಸ್ ಮತ್ತು ನೂನಿಜರ ವೃತ್ತಾಂತಗಳನ್ನು ಇಂಗ್ಲಿಷಿಗೆ ತಂದು ಕೊಟ್ಟ ಉಪಕಾರ ಅವರದು. ಅದನ್ನು ಯಾವ ಕಾಲಕ್ಕೂ ಮರೆಯಲಾಗದು. ಆದರೆ ವಿಜಯನಗರವೆಂದರೆ ಮುಸ್ಲಿಂ ದಾಳಿಗಳಿಗೆ ಅಡ್ಡವಾಗಿ ನಿಂತ ಹಿಂದೂ ಕೋಟೆ ಎಂಬ ಚೌಕಟ್ಟನ್ನು ಬಲವಾಗಿ ಕಟ್ಟಿದವರೂ ಅವರೇ. ಹಿಂದೂ ಮುಸಲ್ಮಾನರು ಸದಾ ಹೊಡೆದಾಡುತ್ತಿದ್ದರು, ಅವರ ನಡುವೆ ಶಾಂತಿ ತಂದವರು ತಾವು ಎಂಬುದು ಆಳುವವರಿಗೆ ಒಪ್ಪುವ ಕಥೆ. ಇಮ್ಮಡಿ ದೇವರಾಯನು ತನ್ನ ಸೈನ್ಯದಲ್ಲಿ ಮುಸ್ಲಿಂ ಯೋಧರಿಗೆ ಸ್ಥಾನ ಕೊಟ್ಟದ್ದು, ಹಂಪಿಯಲ್ಲಿಯೇ 1439ರಲ್ಲಿ ಅಹಮದ್ ಖಾನನೆಂಬ ಅಧಿಕಾರಿ ಕಟ್ಟಿಸಿದ ಧರ್ಮಶಾಲೆ ಇಂದಿಗೂ ನಿಂತಿರುವುದು, ಅಳಿಯ ರಾಮರಾಯನು ಸುಲ್ತಾನರೊಡನೆ ಒಮ್ಮೆ ಸ್ನೇಹ, ಒಮ್ಮೆ ಯುದ್ಧ ಮಾಡುತ್ತ ಬಂದದ್ದು, ಇವೆಲ್ಲ ಆ ಚೌಕಟ್ಟಿನಲ್ಲಿ ಹಿಂದೆ ಸರಿದವು. ಸೆವೆಲ್ ಸುಳ್ಳು ಬರೆದರೆಂದು ನಾನು ಹೇಳುತ್ತಿಲ್ಲ. ಯಾವುದನ್ನು ಮುಂದಿಡಬೇಕು, ಯಾವುದನ್ನು ಹಿಂದಿಡಬೇಕೆಂಬ ಆಯ್ಕೆಯಲ್ಲಿ ಬರೆಯುವವನ ಸ್ಥಾನ ಕೆಲಸ ಮಾಡುತ್ತದೆ. ಆ ಚೌಕಟ್ಟು ಸ್ವಾತಂತ್ರ್ಯಾನಂತರವೂ ನಮ್ಮ ಪಾಠಪುಸ್ತಕಗಳಲ್ಲಿ ಮುಂದುವರಿಯಿತು. ಅಧಿಕಾರಿ ಹೋದ ಮೇಲೂ ಚೌಕಟ್ಟು ಉಳಿಯುತ್ತದೆ.

ಹೊಳೆಯಾಚೆ ಏನು ನಡೆಯುತ್ತಿತ್ತು? ನಿಜಾಮರ ಸರಕಾರವು 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿತು. ಇಂಗ್ಲಿಷಿನ ಬದಲು ಉರ್ದುವಿನಲ್ಲಿ ಉನ್ನತ ಶಿಕ್ಷಣ ಕೊಡುವುದು ಆ ಕಾಲಕ್ಕೆ ಧೈರ್ಯದ ಹೆಜ್ಜೆ. ಭಾರತೀಯ ಭಾಷೆಯಲ್ಲಿ ವೈದ್ಯವನ್ನೂ ವಿಜ್ಞಾನವನ್ನೂ ಕಲಿಸಬಹುದೆಂದು ಅದು ತೋರಿಸಿಕೊಟ್ಟಿತು. ಆದರೆ ಆ ಸಂಸ್ಥಾನದ ಬಹುಪಾಲು ಪ್ರಜೆಗಳ ಮನೆಮಾತು ತೆಲುಗು, ಮರಾಠಿ, ಕನ್ನಡ. ರಾಯಚೂರು, ಕೊಪ್ಪಳ, ಕಲಬುರ್ಗಿಯ ಕನ್ನಡದ ಮಕ್ಕಳಿಗೆ ಉರ್ದು ಇಂಗ್ಲಿಷಿನಷ್ಟೇ ಹೊರಗಿನದಾಗಿತ್ತು. ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದ ಪಂಡಿತ ತಾರಾನಾಥರು ನಿಜಾಮ ಸರಕಾರದ ಅವಕೃಪೆಗೆ ಗುರಿಯಾಗಿ ಹೊಳೆ ದಾಟಿ ಬಂದು, ತುಂಗಭದ್ರಾ ಗ್ರಾಮದ ಬಳಿ ಪ್ರೇಮಾಯತನವೆಂಬ ಆಶ್ರಮವನ್ನು ಕಟ್ಟಿದರು. "ಪ್ರೇಮ" ಎಂಬ ಪತ್ರಿಕೆಯನ್ನೂ ನಡೆಸಿದರು. ಅವರಿಗೆ ಆಶ್ರಯವಾದುದು ಬ್ರಿಟಿಷರ ದಂಡೆ ಎಂಬುದನ್ನು ಗಮನಿಸಿರಿ. ಒಬ್ಬ ಅರಸನ ಕೈಯಿಂದ ತಪ್ಪಿಸಿಕೊಳ್ಳಲು ಇನ್ನೊಬ್ಬ ಅರಸನ ಗಡಿ ಉಪಯೋಗಕ್ಕೆ ಬರುವುದುಂಟು.

1938ರ ಕೊನೆಯಲ್ಲಿ ಉಸ್ಮಾನಿಯಾದ ವಿದ್ಯಾರ್ಥಿಗಳು ನಿಲಯಗಳಲ್ಲಿ ವಂದೇ ಮಾತರಂ ಹಾಡಿದ್ದಕ್ಕಾಗಿ ಅವರನ್ನು ವಿಶ್ವವಿದ್ಯಾನಿಲಯದಿಂದಲೇ ಹೊರಹಾಕಲಾಯಿತು. ನೂರಾರು ಮಂದಿಯ ವಿದ್ಯಾಭ್ಯಾಸ ಅರ್ಧಕ್ಕೆ ನಿಂತಿತು. ಬ್ರಿಟಿಷ್ ಪ್ರಾಂತದಲ್ಲಿದ್ದ ನಾಗಪುರ ವಿಶ್ವವಿದ್ಯಾನಿಲಯವು ಅವರನ್ನು ಸೇರಿಸಿಕೊಂಡಿತು. ಮುಂದೆ ಪ್ರಧಾನಮಂತ್ರಿಗಳಾದ ಪಿ. ವಿ. ನರಸಿಂಹರಾಯರು ಹಾಗೆ ನಾಗಪುರಕ್ಕೆ ಹೋದವರಲ್ಲಿ ಒಬ್ಬರು. ಹತ್ತು ವರ್ಷಗಳ ಬಳಿಕ, 1948ರ ಆಗಸ್ಟಿನಲ್ಲಿ, ಹೈದರಾಬಾದಿನ "ಇಮ್ರೋಜ್" ಪತ್ರಿಕೆಯ ಯುವ ಸಂಪಾದಕ ಶೋಯೆಬುಲ್ಲಾ ಖಾನರನ್ನು ರಜಾಕಾರರು ಕೊಂದರು. ಸಂಸ್ಥಾನವು ಭಾರತದಲ್ಲಿ ಸೇರಬೇಕೆಂದು ಅವರು ಬರೆದದ್ದೇ ಅಪರಾಧ. ಮುಂದಿನ ತಿಂಗಳೇ ಪೊಲೀಸ್ ಕಾರ್ಯಾಚರಣೆ ನಡೆದು ಹೈದರಾಬಾದು ಭಾರತಕ್ಕೆ ಸೇರಿತು. ಇವು ಯಾವುವೂ ಪರದೇಶದ ಸರಕಾರದ ಕೃತ್ಯಗಳಲ್ಲ. ಸ್ವಂತ ನಾಡಿನ ಅರಸೊತ್ತಿಗೆಯೂ ಅದರ ಬೆಂಬಲಿಗರೂ ಮಾಡಿದ ಕೃತ್ಯಗಳು. ಲೇಖನಿಗೆ ಬೀಳುವ ಬೇಡಿ ವಿಲಾಯಿತಿಯದಾದರೇನು, ದೇಸಿಯದಾದರೇನು, ಕೈಗೆ ತಾಗುವ ನೋವು ಒಂದೇ.

ಸ್ವಾತಂತ್ರ್ಯ ಬಂದ ಮೇಲೆ ಆಳುವ ಪರಕೀಯರು ಹೋದರು. ಅವರ ಸ್ಥಾನದಲ್ಲಿ ಸ್ನೇಹಿತರಾಗಿ ಬಂದ ಪರಕೀಯರು ಕಾಣಿಸಿಕೊಂಡರು. 1955ರಲ್ಲಿ ನೆಹರೂ ಅವರ ಸಚಿವ ಸಂಪುಟವು ವಿದೇಶೀ ಪತ್ರಿಕೆಗಳಿಗೆ ಭಾರತದಲ್ಲಿ ಆವೃತ್ತಿ ತೆರೆಯಲು ಅವಕಾಶವಿಲ್ಲವೆಂದು ತೀರ್ಮಾನಿಸಿತು. 2002ರಲ್ಲಿ ಸುದ್ದಿಪತ್ರಿಕೆಗಳಲ್ಲಿ ಶೇಕಡ 26ರಷ್ಟು ವಿದೇಶೀ ಬಂಡವಾಳಕ್ಕೆ ಒಪ್ಪಿಗೆ ದೊರೆಯುವವರೆಗೂ ಆ ನಿಲುವು ಉಳಿದಿತ್ತು. ಆದರೆ ಬಾಗಿಲು ಹಾಕಿದ್ದರೂ ಕಿಟಕಿಗಳು ತೆರೆದಿದ್ದವು. ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳ ನಡುವಣ ಶೀತಲಸಮರದ ಗಾಳಿ ಅವುಗಳ ಮೂಲಕ ನಮ್ಮ ಹಳ್ಳಿಗಳಿಗೂ ಬೀಸಿತು.

ನನ್ನ ವಯಸ್ಸಿನವರು ಪ್ರಾಥಮಿಕ ಶಾಲೆಯಲ್ಲಿ ಮಧ್ಯಾಹ್ನ ತಿಂದದ್ದು ಕೇರ್ ಸಂಸ್ಥೆಯ ಗೋಧಿರವೆಯ ಉಪ್ಪಿಟ್ಟು, ಕುಡಿದದ್ದು ಡಬ್ಬಿಯ ಹಾಲಿನ ಪುಡಿಯ ಹಾಲು. ಅದು ಪಿ. ಎಲ್. 480 ಎಂಬ ಅಮೆರಿಕದ ಕಾನೂನಿನ ಕೆಳಗೆ ಬಂದ ಧಾನ್ಯ. ಅದೇ ಮಕ್ಕಳು ನೋಟುಪುಸ್ತಕಕ್ಕೆ ರಟ್ಟು ಹಾಕುತ್ತಿದ್ದುದು "ಸೋವಿಯತ್ ಲ್ಯಾಂಡ್" ಪತ್ರಿಕೆಯ ನುಣುಪಾದ ಬಣ್ಣದ ಹಾಳೆಗಳಿಂದ. ದೆಹಲಿಯ ಸೋವಿಯತ್ ರಾಯಭಾರ ಕಚೇರಿಯವರು ಅದನ್ನು ಕನ್ನಡದಲ್ಲಿಯೂ ಹೊರಡಿಸುತ್ತಿದ್ದರು. ಹೊಟ್ಟೆಯಲ್ಲಿ ಅಮೆರಿಕ, ಬಗಲಿನಲ್ಲಿ ರಷ್ಯ! 1960ರಲ್ಲಿ ಪ್ರಾರಂಭವಾದ ನವಕರ್ನಾಟಕ ಪ್ರಕಾಶನದ ಮೂಲಕ ಮಾಸ್ಕೋದಲ್ಲಿ ಅಚ್ಚಾದ ಪುಸ್ತಕಗಳು ಬಹಳ ಅಗ್ಗವಾಗಿ ದೊರೆಯುತ್ತಿದ್ದವು. ಟಾಲ್‌ಸ್ಟಾಯ್, ಗಾರ್ಕಿ, ಚೆಕಾವ್ ಇವರನ್ನು ಬಡವರ ಮಕ್ಕಳು ಓದಿದ್ದು ಆ ಬೆಲೆಯಿಂದಾಗಿ. ವಿಜ್ಞಾನದ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲಿಯ ಸಚಿತ್ರ ಪುಸ್ತಕಗಳಿಂದ. ಆದರೆ ಆ ನುಣುಪು ಹಾಳೆಗಳಲ್ಲಿ ಸ್ಟಾಲಿನ್ನನ ಸೆರೆ ಶಿಬಿರಗಳಲ್ಲಿ ನರಳಿದವರ ಕಥೆ ಇರುತ್ತಿರಲಿಲ್ಲ. 1968ರಲ್ಲಿ ಚೆಕೊಸ್ಲೊವಾಕಿಯಕ್ಕೆ ನುಗ್ಗಿದ ಟ್ಯಾಂಕುಗಳನ್ನು ಅಲ್ಲಿಯ ಜನ ಹೇಗೆ ಕಂಡರೆಂಬುದೂ ಇರುತ್ತಿರಲಿಲ್ಲ.

ಇದರಲ್ಲಿ ಒಂದು ಗುಣವನ್ನು ಒಪ್ಪಬೇಕು. ಪತ್ರಿಕೆಯ ಹೆಸರಿನಲ್ಲಿಯೇ ಸೋವಿಯತ್ ಎಂದಿತ್ತು. ಯಾರದೆಂದು ಓದುಗನಿಗೆ ತಿಳಿದಿತ್ತು. ಎದುರು ಪಕ್ಷದ ಒಂದು ಕಥೆ ಇದಕ್ಕಿಂತ ಸೂಕ್ಷ್ಮವಾದುದು. 1950ರಲ್ಲಿ ಬರ್ಲಿನ್ನಿನಲ್ಲಿ ಸಾಂಸ್ಕೃತಿಕ ಸ್ವಾತಂತ್ರ್ಯಕ್ಕಾಗಿ ಒಂದು ಅಂತರರಾಷ್ಟ್ರೀಯ ಸಂಘ ಸ್ಥಾಪನೆಯಾಯಿತು. ಮರುವರ್ಷ ಅದರ ಸಮ್ಮೇಳನ ಮುಂಬಯಿಯಲ್ಲಿ ನಡೆಯಿತು. ಲಂಡನ್ನಿನ "ಎನ್‌ಕೌಂಟರ್" ಮತ್ತು ಮುಂಬಯಿಯ "ಕ್ವೆಸ್ಟ್" ಪತ್ರಿಕೆಗಳು ಆ ಸಂಘದ ಆಶ್ರಯದಲ್ಲಿ ಹೊರಟವು. ಕ್ವೆಸ್ಟಿನ ಮೊದಲ ಸಂಪಾದಕರು ಕವಿ ನಿಸ್ಸಿಮ್ ಎಜಕಿಯೆಲ್. ಇಂಗ್ಲಿಷ್ ಬಲ್ಲ ಕನ್ನಡ ಅಧ್ಯಾಪಕರೂ ಲೇಖಕರೂ ಇಂಥ ಪತ್ರಿಕೆಗಳನ್ನು ಗೌರವದಿಂದ ಓದುತ್ತಿದ್ದ ಕಾಲವದು. ಆ ಸಂಘಕ್ಕೆ ಹಣ ಬರುತ್ತಿದ್ದುದು ಅಮೆರಿಕದ ಗೂಢಚರ ಸಂಸ್ಥೆ ಸಿ.ಐ.ಎ.ಯಿಂದ ಎಂಬುದು 1966-67ರಲ್ಲಿ ಬಯಲಾಯಿತು. ಎನ್‌ಕೌಂಟರಿನ ಸಂಪಾದಕರಾಗಿದ್ದ ಕವಿ ಸ್ಟೀಫನ್ ಸ್ಪೆಂಡರ್ ತಮಗೆ ತಿಳಿದಿರಲಿಲ್ಲವೆಂದು ಹೇಳಿ 1967ರಲ್ಲಿ ಪದತ್ಯಾಗ ಮಾಡಿದರು. ವಿದ್ಯಾಸಂಸ್ಥೆಗಳಿಗೆ ನೆರವು ನೀಡುತ್ತಿದ್ದ ಏಷ್ಯಾ ಫೌಂಡೇಷನ್ನಿಗೂ ಅದೇ ಮೂಲದ ಹಣ ಬಂದಿತ್ತೆಂದು ತಿಳಿದಾಗ ಭಾರತ ಸರಕಾರವು ಅದರ ಕಚೇರಿಯನ್ನು ಮುಚ್ಚಿಸಿತು.

ಆ ಪತ್ರಿಕೆಗಳಲ್ಲಿ ಪ್ರಕಟವಾದ ಒಳ್ಳೆಯ ಪ್ರಬಂಧಗಳು ಹಣದ ಮೂಲ ತಿಳಿದ ಕ್ಷಣದಲ್ಲಿ ಕೆಟ್ಟವಾದವೇ? ಆಗಲಿಲ್ಲ. ಆದರೆ ಅವುಗಳಲ್ಲಿ ಬರೆದ ಪ್ರಾಮಾಣಿಕರ ಮೇಲೆಯೂ ಸಂಶಯದ ನೆರಳು ಬಿದ್ದಿತು. ಗುಪ್ತಹಣದ ದೊಡ್ಡ ಹಾನಿ ಇದು. ಅದು ಸುಳ್ಳುಗಾರನನ್ನು ಕೊಳ್ಳುವುದಿರಲಿ, ಸತ್ಯವಂತನ ಮಾತಿಗೂ ಬೆಲೆಯಿಲ್ಲದಂತೆ ಮಾಡುತ್ತದೆ. ಸೋವಿಯತ್ ಪಕ್ಷದವರೂ ಬಹಿರಂಗ ಪತ್ರಿಕೆಗೇ ತೃಪ್ತರಾಗಿರಲಿಲ್ಲ. ಮಿತ್ರೋಖಿನ್ ಎಂಬ ಕೆ.ಜಿ.ಬಿ. ದಾಖಲೆಗಾರನ ಟಿಪ್ಪಣಿಗಳ ಆಧಾರದಿಂದ 2005ರಲ್ಲಿ ಪ್ರಕಟವಾದ ಗ್ರಂಥವು, 1972ನೆಯ ವರ್ಷವೊಂದರಲ್ಲಿಯೇ ಭಾರತದ ಪತ್ರಿಕೆಗಳಲ್ಲಿ 3,789 ಲೇಖನಗಳನ್ನು ತಾವು ಹಾಕಿಸಿದೆವೆಂದು ಕೆ.ಜಿ.ಬಿ. ಕಡತಗಳು ಹೇಳಿಕೊಂಡಿವೆಯೆಂದು ತಿಳಿಸುತ್ತದೆ. ಚರಿತ್ರೆಯ ವಿದ್ಯಾರ್ಥಿಗಳು ಇಲ್ಲಿ ಎಚ್ಚರ ವಹಿಸಬೇಕು. ಗೂಢಚರನು ಮೇಲಧಿಕಾರಿಗೆ ಬರೆಯುವ ಲೆಕ್ಕದಲ್ಲಿ ತನ್ನ ಸಾಧನೆಯನ್ನು ಹಿಗ್ಗಿಸುವುದು ಸಹಜ. ಆದರೂ ಲೆಕ್ಕ ಇಡುವಷ್ಟು ಕೆಲಸ ನಡೆಯುತ್ತಿತ್ತೆಂಬುದರಲ್ಲಿ ಸಂಶಯವಿಲ್ಲ.

ಪರದೇಶದ ಹಣವೆಲ್ಲ ವಿಷವೆಂದು ಇದರಿಂದ ತೀರ್ಮಾನಿಸಬೇಡಿರಿ. ಗೋಧಿಗಾಗಿ ನಾವು ಕೊಟ್ಟ ರೂಪಾಯಿಗಳು ಅಮೆರಿಕ ಸರಕಾರದ ಲೆಕ್ಕದಲ್ಲಿ ಭಾರತದಲ್ಲಿಯೇ ಉಳಿದವು. 1962ರಿಂದ ಆ ಹಣದ ಒಂದು ಭಾಗದಿಂದ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಮೆರಿಕದ ವಿಶ್ವವಿದ್ಯಾನಿಲಯಗಳ ಗ್ರಂಥಾಲಯಗಳಿಗೆ ಕಳುಹಿಸಲಾಯಿತು. ಕನ್ನಡ ಪುಸ್ತಕಗಳೂ ಹೀಗೆ ಕಡಲು ದಾಟಿದವು. ಮೈಸೂರಿನ ಎ. ಕೆ. ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ವೇತನ ಪಡೆದು ಅಮೆರಿಕಕ್ಕೆ ಹೋದರು. ಅದು ಆ ದೇಶದ ಸರಕಾರದ ಹಣವೇ. ಅವರು ಷಿಕಾಗೊದಲ್ಲಿ ನೆಲೆಸಿ 1973ರಲ್ಲಿ ಪ್ರಕಟಿಸಿದ ವಚನಗಳ ಅನುವಾದದಿಂದ ಬಸವಣ್ಣ, ಅಕ್ಕಮಹಾದೇವಿಯರ ಮಾತು ಲೋಕಕ್ಕೆ ಮುಟ್ಟಿತು. ನಮ್ಮ ಹಂಪಿಯಲ್ಲಿಯೇ 1980ರಿಂದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಷೆಲ್ ವರ್ಷ ವರ್ಷವೂ ಬಿಡಾರ ಹೂಡಿ, ಹಾಳುಬಿದ್ದ ಕಟ್ಟಡಗಳನ್ನು ಅಳೆದು ನಕ್ಷೆ ಬರೆದರು. ರಾಜ್ಯದ ಪುರಾತತ್ವ ಇಲಾಖೆಯೊಡನೆ ಸೇರಿ ನಡೆಸಿದ ಆ ಸಂಶೋಧನೆಯ ಫಲಿತಾಂಶಗಳು ಮೈಸೂರಿನಿಂದ ಪ್ರಕಟವಾದವು. ಹೆಸರು ಬಹಿರಂಗ, ಕೆಲಸ ಬಹಿರಂಗ, ತಪ್ಪಿದ್ದರೆ ತೋರಿಸಲು ನಮ್ಮವರಿಗೂ ಅವಕಾಶ. ಇಂಥ ಪರದೇಶದವರಿಂದ ನಮಗೆ ಲಾಭವೇ ಹೊರತು ನಷ್ಟವಿಲ್ಲ.

ಹಾಗಾದರೆ ಕಾನೂನಿನಿಂದ ತಡೆಯಬಹುದಲ್ಲವೇ ಎಂದು ಕೇಳಬಹುದು. ತಡೆದಿದ್ದಾರೆ. ವಿದೇಶೀ ದೇಣಿಗೆ ನಿಯಂತ್ರಣ ಕಾಯಿದೆಯು 1976ರಲ್ಲಿ ಬಂದಿತು. ಸಂಪಾದಕರು, ಅಂಕಣಕಾರರು, ವ್ಯಂಗ್ಯಚಿತ್ರಕಾರರು, ಪತ್ರಿಕೆಯ ಮಾಲೀಕರು, ಶಾಸಕರು, ರಾಜಕೀಯ ಪಕ್ಷಗಳು ಪರದೇಶದಿಂದ ಹಣ ಪಡೆಯಬಾರದೆಂದು ಅದು ವಿಧಿಸಿತು. ಉದ್ದೇಶ ಸರಿಯಾದುದೇ. ಆದರೆ ವರ್ಷವನ್ನು ನೋಡಿರಿ. ಅದು ತುರ್ತುಪರಿಸ್ಥಿತಿಯ ಕಾಲ. 1975ರ ಜೂನ್ 25ರ ರಾತ್ರಿ ದೆಹಲಿಯ ಪತ್ರಿಕಾ ಕಚೇರಿಗಳ ವಿದ್ಯುತ್ತನ್ನು ಕತ್ತರಿಸಿ, ಬಳಿಕ ದೇಶದ ಪತ್ರಿಕೆಗಳಿಗೆಲ್ಲ ಪೂರ್ವತಪಾಸಣೆ ವಿಧಿಸಿದ ಸರಕಾರವೇ ಪತ್ರಿಕೆಗಳನ್ನು ಪರದೇಶದ ಪ್ರಭಾವದಿಂದ ಕಾಪಾಡುವ ಕಾನೂನನ್ನೂ ತಂದಿತು. 2010ರಲ್ಲಿ ಅದರ ಸ್ಥಾನದಲ್ಲಿ ಹೊಸ ಕಾಯಿದೆ ಬಂದು, 2020ರಲ್ಲಿ ಇನ್ನಷ್ಟು ಬಿಗಿಯಾಯಿತು. ಈ ನಡುವೆ 2014ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಕಾಂಗ್ರೆಸ್ ಮತ್ತು ಭಾರತೀಯ ಜನತಾ ಪಕ್ಷ ಎರಡೂ ಈ ಕಾನೂನನ್ನು ಮೀರಿ ವಿದೇಶೀ ಮೂಲದ ಕಂಪನಿಗಳಿಂದ ದೇಣಿಗೆ ಪಡೆದಿವೆಯೆಂದು ತೀರ್ಪು ಕೊಟ್ಟಿತು. ಬಳಿಕ 2016 ಮತ್ತು 2018ರ ಹಣಕಾಸು ಮಸೂದೆಗಳ ಮೂಲಕ 'ವಿದೇಶೀ ಮೂಲ' ಎಂಬ ಪದದ ಅರ್ಥವನ್ನೇ ತಿದ್ದಿ, ಆ ತಿದ್ದುಪಡಿ 1976ರಿಂದಲೇ ಅನ್ವಯವಾಗುವಂತೆ ಮಾಡಲಾಯಿತು. ಧರ್ಮಾರ್ಥ ಸಂಸ್ಥೆಗೂ ಪತ್ರಿಕೆಗೂ ಬಿಗಿಯಾದ ಗಂಟು ಪಕ್ಷಗಳಿಗೆ ಸಡಿಲವಾಯಿತು. ಪರಕೀಯರ ಹಣವನ್ನು ನಿಯಂತ್ರಿಸುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರ ಮೇಲೆಯೂ ಒಂದು ಕಣ್ಣಿರಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನೀವಿರುವ ದೇಶಗಳಲ್ಲಿಯೂ ಈಗ ಇದೇ ಗೊಂದಲ. ಚೀನದ ಸರಕಾರದ ಕನ್‌ಫ್ಯೂಷಿಯಸ್ ಸಂಸ್ಥೆಗಳು 2004ರಿಂದ ಲೋಕದ ವಿಶ್ವವಿದ್ಯಾನಿಲಯಗಳಲ್ಲಿ ಭಾಷೆ ಕಲಿಸಲು ತೆರೆದವು. ಅಮೆರಿಕದಲ್ಲಿ ನೂರಕ್ಕೂ ಹೆಚ್ಚಿದ್ದವು, ಅವುಗಳಲ್ಲಿ ಬಹುಪಾಲು ಮುಚ್ಚಿದವು. ಟಿಬೆಟ್, ತೈವಾನ್‌ಗಳ ಮಾತು ಅಲ್ಲಿ ಬರುವುದಿಲ್ಲವೆಂಬುದು ಮುಖ್ಯ ಆಕ್ಷೇಪಣೆಯಾಗಿತ್ತು. ಅಂದರೆ ಮತ್ತೆ ಆಡದೆ ಉಳಿದ ಮಾತಿನ ಪ್ರಶ್ನೆಯೇ. ರಷ್ಯ ಸರಕಾರದ ಆರ್.ಟಿ. ವಾಹಿನಿಯ ಪ್ರಸಾರವನ್ನು ಯುರೋಪಿನ ಒಕ್ಕೂಟವು 2022ರಲ್ಲಿ ತಡೆಯಿತು. ಅಮೆರಿಕದಲ್ಲಿ 2,50,000 ಡಾಲರಿಗೆ ಮೇಲ್ಪಟ್ಟ ವಿದೇಶೀ ದೇಣಿಗೆಯನ್ನು ವಿಶ್ವವಿದ್ಯಾನಿಲಯಗಳು ಸರಕಾರಕ್ಕೆ ತಿಳಿಸಬೇಕೆಂಬ ನಿಯಮ 1986ರಷ್ಟು ಹಳೆಯದು. ನಮ್ಮ ಭಾರತ ಸರಕಾರವೂ ತನ್ನ ಸಾಂಸ್ಕೃತಿಕ ಸಂಬಂಧಗಳ ಮಂಡಲಿಯ ಮೂಲಕ ಹೊರದೇಶದ ವಿಶ್ವವಿದ್ಯಾನಿಲಯಗಳಲ್ಲಿ ಅಧ್ಯಯನ ಪೀಠಗಳನ್ನು ನಡೆಸುತ್ತದೆ. ಅವರ ಕಣ್ಣಿಗೆ ನಾವೂ ಪರದೇಶದ ಸರಕಾರವೇ. 2023ರಲ್ಲಿ ಯು.ಜಿ.ಸಿ.ಯು ವಿದೇಶೀ ವಿಶ್ವವಿದ್ಯಾನಿಲಯಗಳು ಇಲ್ಲಿ ಶಾಖೆ ತೆರೆಯಲು ನಿಯಮ ಮಾಡಿದ ಮೇಲೆ, 2025ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾನಿಲಯಕ್ಕೆ ಬೆಂಗಳೂರಿನಲ್ಲಿ ಶಾಖೆ ತೆರೆಯಲು ಸಮ್ಮತಿ ದೊರೆತಿದೆ. ನಿಮ್ಮ ಮಕ್ಕಳಲ್ಲಿ ಕೆಲವರು ನಾಳೆ ಅಂಥಲ್ಲಿ ಓದಬಹುದು.

ಆದ್ದರಿಂದ ಪತ್ರಿಕೆಯೊಂದನ್ನು, ವಾಹಿನಿಯೊಂದನ್ನು, ಕಾಲೇಜೊಂದನ್ನು ಆರಿಸಿಕೊಳ್ಳುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿರಿ. ಇದಕ್ಕೆ ಹಣ ಕೊಡುವವರು ಯಾರು? ಅದನ್ನು ಅವರು ತಾವಾಗಿಯೇ ಹೇಳುತ್ತಾರೆಯೇ, ಅಥವಾ ಬೇರೆಯವರು ಬಯಲಿಗೆಳೆಯಬೇಕೇ? ಹಣ ಕೊಡುವವರಿಗೆ ಅಪ್ರಿಯವಾದ ಒಂದು ಮಾತಾದರೂ ಅಲ್ಲಿ ಯಾವಾಗಲಾದರೂ ಬಂದಿದೆಯೇ? ಮೂರನೆಯದು ಎಲ್ಲಕ್ಕಿಂತ ಮುಖ್ಯ. ಅದಕ್ಕೆ ಉತ್ತರ ಒಂದು ದಿನದ ಸಂಚಿಕೆಯಲ್ಲಿ ಸಿಕ್ಕುವುದಿಲ್ಲ, ವರ್ಷಗಟ್ಟಲೆ ಓದಬೇಕು. ಈ ಪ್ರಶ್ನೆಗಳು ಪರದೇಶದ ಸರಕಾರಕ್ಕೆ ಮಾತ್ರ ಮೀಸಲಲ್ಲ. ನಮ್ಮ ಸರಕಾರದ ಜಾಹೀರಾತಿನಿಂದ ಬದುಕುವ ಪತ್ರಿಕೆಗೂ, ಗಣಿಯ ಧಣಿಯ ಹಣದಿಂದ ನಡೆಯುವ ವಾಹಿನಿಗೂ ಅನ್ವಯಿಸುತ್ತವೆ. ಸಂಡೂರು, ಹೊಸಪೇಟೆಯ ಕೆಂಪು ಧೂಳನ್ನು ಕಂಡಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪತ್ರಿಕೋದ್ಯಮದಲ್ಲಿಯೂ ಅಧ್ಯಾಪನದಲ್ಲಿಯೂ ಇರುವ ಶಿಷ್ಯರಿಗೆ ನನ್ನದೊಂದು ಮಾತು: ನಿಮಗೆ ಸಂಬಳ, ವೇತನ, ಪ್ರವಾಸದ ಖರ್ಚು ಎಲ್ಲಿಂದ ಬಂದಿತೆಂಬುದನ್ನು ಓದುಗರಿಗೆ, ವಿದ್ಯಾರ್ಥಿಗಳಿಗೆ ನೀವೇ ಮೊದಲು ಹೇಳಿರಿ. ಸ್ಪೆಂಡರರಂತೆ ತಿಳಿದಿರಲಿಲ್ಲವೆಂದು ಹೇಳುವ ಪ್ರಸಂಗ ನಿಮಗೆ ಬಾರದಿರಲಿ.

ಕೊನೆಯದಾಗಿ ಒಂದು ಕೋರಿಕೆ. ಕಂಪ್ಲಿ, ಆನೆಗೊಂದಿ, ಗಂಗಾವತಿ ಕಡೆಯ ಬಂಧುಗಳ ಮನೆಯ ಅಟ್ಟದ ಮೇಲೆ ನಿಜಾಮರ ಕಾಲದ ಉರ್ದು ಶಾಲಾಪುಸ್ತಕವಾಗಲಿ, ಮದ್ರಾಸ್ ಪ್ರಾಂತದ ಹಳೆಯ ಪಾಠಪುಸ್ತಕವಾಗಲಿ, ಕನ್ನಡದ "ಸೋವಿಯತ್ ಲ್ಯಾಂಡ್" ಸಂಚಿಕೆಯಾಗಲಿ ಉಳಿದಿದ್ದರೆ ರದ್ದಿಯವನಿಗೆ ಕೊಡುವ ಮೊದಲು ನನಗೆ ತಿಳಿಸಿರಿ. ಹೊಳೆಯ ಎರಡು ದಂಡೆಗಳ ಮಕ್ಕಳು ಒಂದೇ ವರ್ಷದಲ್ಲಿ ಏನೇನು ಓದಿದರು, ಏನೇನು ಓದಲಿಲ್ಲ ಎಂಬುದನ್ನು ಪಕ್ಕ ಪಕ್ಕ ಇಟ್ಟು ನೋಡಬೇಕೆಂಬ ಆಸೆ ನನಗಿದೆ.